ಎರಡು ಬಾಗಿಲಿನ ಗೂಡು

ಮಾರ್ಚ್ 4, ಸೋಮವಾರ

ಗಿನಿಪಿಗ್ ಸತ್ತಿದೆ, ಆದ್ದರಿಂದ ಹೊಲಿಗೆ ಅಂಗಡಿಗೆ ಅರ್ಧ ದಿನ ರಜೆ ಕೊಡಬೇಕು ಎಂದು ಮೊಮ್ಮಗಳು ಬೆಳಿಗ್ಗೆ ನನ್ನ ಎದುರು ಬಂದು ನಿಂತಳು. ಕೊಡಲಿಲ್ಲ. ನನ್ನ ಯಜಮಾನರು ತೀರಿಕೊಂಡಾಗಲೂ ಅದೇ ವಾರ ಮೆಷಿನ್‌ಗಳು ಓಡಿದ್ದವು. ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳ ಯೂನಿಫಾರ್ಮ್ ತಯಾರಿರಬೇಕು. ಯಾರು ಸತ್ತರು ಎಂದು ಶಾಲೆಯವರು ಕೇಳುವುದಿಲ್ಲ.

ಸತ್ತದ್ದು ಗುಂಡಿ. ಉಳಿದದ್ದು ಕಾಜಾ, ಅಂದರೆ ಗುಂಡಿ ತೂರಿಸುವ ತೂತು. ಹೊಲಿಗೆಯವರ ಮನೆಯ ಮಗು ಬೇರೇನು ಹೆಸರಿಟ್ಟೀತು? ಎರಡೂ ಒಂದೇ ಸೂಲಿನ ಅಕ್ಕತಂಗಿಯರು. ಹೆಸರಿಗೆ ಹಂದಿ, ಆದರೆ ಹಂದಿಯಲ್ಲ. ನೋಡಲು ಇಲಿ, ಆದರೆ ಬಾಲವಿಲ್ಲ. ದಿನವಿಡೀ ತಿನ್ನುವುದು, ಫ್ರಿಜ್ಜಿನ ಬಾಗಿಲು ತೆಗೆದ ಸದ್ದಾದರೆ ಕೂಗುವುದು, ಇಷ್ಟೇ ಅವುಗಳ ಕೆಲಸ. ನನ್ನ ಮಗನೂ ಹತ್ತನೆಯ ತರಗತಿಯವರೆಗೆ ಹಾಗೆಯೇ ಇದ್ದ.

ಶರ್ಟಿನ ಡಬ್ಬದಲ್ಲಿಟ್ಟು ಹಿತ್ತಲಲ್ಲಿ ಮಣ್ಣು ಮಾಡಿದರು. ಡಬ್ಬಕ್ಕೆ ಹಾಸಲು ಬಿಳಿ ಪಾಪ್ಲಿನ್ ತುಂಡೊಂದನ್ನು ಕೊಟ್ಟೆ. ಎಳೆ ಬಿಟ್ಟ ಬಟ್ಟೆ ಕೊಡುವುದು ಸರಿಯಲ್ಲವೆಂದು ಸುತ್ತ ಅಂಚು ಹೊಲಿದೆ. ನಮ್ಮ ಇಸ್ತ್ರಿಯವನು ಅದನ್ನು ಇಸ್ತ್ರಿ ಮಾಡಿ ಮಡಿಸಿ ತಂದ. ನಾನು ಹೇಳಿರಲಿಲ್ಲ, ಹೇಳಬೇಕಾಗಿಯೂ ಇಲ್ಲ. ಒಗೆಯದ್ದು, ಇಸ್ತ್ರಿಯಾಗದ್ದು ಈ ಮನೆಯಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ಬೋರ್ಡಿನ ಮೇಲೆ ಬರೆಸಿಲ್ಲ, ಆದರೆ ಇಡೀ ಬೀದಿಗೆ ಗೊತ್ತು.

ಈ ಗದ್ದಲದ ನಡುವೆ ಸಮಯ ನೋಡಿ ಸೊಸೆ ಕೇಳಿದಳು: "ಅತ್ತೆ, ಅಮ್ಮನ್ನ ಸ್ವಲ್ಪ ದಿನ ಇಲ್ಲಿಗೆ ಕರ್ಕೊಂಡು ಬರ್ಲಾ? ದೊಡ್ಡಮ್ಮ ಹೋದ್ಮೇಲೆ ಆ ಮನೇಲಿ ಒಬ್ಬರೇ ಇದ್ದಾರೆ."

ನಮ್ಮ ಬೀಗಿತ್ತಿ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳನ್ನು ಕೂಗುತ್ತಿದ್ದವರು. ನಿವೃತ್ತಿಯಾದಾಗ ಮೈಕ್ ವಾಪಸ್ ಕೊಟ್ಟರು, ದನಿ ಕೊಡಲಿಲ್ಲ. ಅಕ್ಕನ ಜೊತೆ ಇದ್ದರು. ಹೋದ ತಿಂಗಳು ಆ ಅಕ್ಕ ತೀರಿಕೊಂಡರು. ಪಾಪವೇ. ಆದರೆ ನನಗೆ ಮಾತು ಹೆಚ್ಚಾದರೆ ತಲೆ ಸಿಡಿಯುತ್ತದೆ.

"ಒಂದು ವಾರ" ಎಂದೆ.

ಮಾರ್ಚ್ 6, ಬುಧವಾರ

ಕಾಜಾ ನಿನ್ನೆಯಿಂದ ಹುಲ್ಲು ಮುಟ್ಟಿಲ್ಲ. ಮೂಲೆಯಲ್ಲಿ ಗುಂಡಿ ಮಲಗುತ್ತಿದ್ದ ಜಾಗದ ಪಕ್ಕ, ಅಷ್ಟೇ ಜಾಗ ಬಿಟ್ಟು ಕೂತಿದೆ. ಮೊಮ್ಮಗಳೂ ಅನ್ನ ಬಿಟ್ಟು ಅದರ ಮುಂದೆ ಕೂತಿದ್ದಾಳೆ. ಒಂದು ಮನೆಯಲ್ಲಿ ಎರಡು ಉಪವಾಸ ನಾನು ಸಹಿಸುವುದಿಲ್ಲ. ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿ ಡಾಕ್ಟರ ಹತ್ತಿರ ನಾನೇ ಹೋದೆ.

ಡಾಕ್ಟರಮ್ಮ ಚಿಕ್ಕ ಪ್ರಾಯದವಳು. ಕೋಟಿನ ಎಡ ತೋಳು ಬಲ ತೋಳಿಗಿಂತ ಉದ್ದ. ನಮ್ಮಲ್ಲಿ ಹೊಲಿಸಿದ್ದಲ್ಲ. ಹೊಟ್ಟೆ ಒತ್ತಿ, ಹಲ್ಲು ನೋಡಿ ಹೇಳಿದಳು: "ಕಾಯಿಲೆ ಏನೂ ಇಲ್ಲಮ್ಮ. ಜೊತೆ ಹೋಯ್ತಲ್ಲ, ಅದಕ್ಕೆ. ಆದ್ರೆ ಇವು ಊಟ ಬಿಟ್ರೆ ಹೆಚ್ಚು ದಿನ ತಡೆಯಲ್ಲ. ಸದ್ಯಕ್ಕೆ ಸಿರಿಂಜಲ್ಲಿ ತಿನ್ನಿಸಿ. ಬೇಗ ಇನ್ನೊಂದು ಜೊತೆ ನೋಡಿ. ಒಂಟಿಯಾಗಿ ಬದುಕೋ ಪ್ರಾಣಿ ಅಲ್ಲ ಇದು."

"ಒಂಟಿಯಾಗಿ ಎಷ್ಟೋ ಜನ ಬದುಕ್ತಾರೆ. ನಾನಿಲ್ವಾ?" ಎಂದೆ.

"ನೀವು ಊಟ ಮಾಡ್ತೀರಲ್ಲಮ್ಮ" ಎಂದಳು. ಎದುರು ಮಾತಾಡುವ ಹುಡುಗಿ.

ಜೊತೆಗೆ ಬಂದಿದ್ದ ಮೊಮ್ಮಗಳು ವಾಪಸ್ ಬರುವ ದಾರಿಯಲ್ಲಿ, "ಅಜ್ಜಿ, ಕಾಜಾ ಸಾಯಲ್ಲ ತಾನೇ?" ಎಂದು ಕೇಳಿದಳು. ಸಾಯಲ್ಲ ಎಂದುಬಿಟ್ಟೆ. ಇದುವರೆಗೆ ಗಿರಾಕಿಗೆ ಕೊಟ್ಟ ಒಂದು ಮಾತೂ ತಪ್ಪಿಲ್ಲ. ಬಾಲವಿಲ್ಲದ ಇಲಿಯೊಂದು ನನ್ನ ಹೆಸರು ಕೆಡಿಸಲು ನಾನು ಬಿಡುವುದಿಲ್ಲ.

ಮಾರ್ಚ್ 7, ಗುರುವಾರ

ಬೀಗಿತ್ತಿ ಬಂದರು. ಒಂದು ಸೂಟ್‌ಕೇಸು, ಬಾಯಿಗೆ ದಾರ ಕಟ್ಟಿದ ಒಂದು ಹಳೆಯ ಬಟ್ಟೆಯ ಚೀಲ, ಮತ್ತು ದನಿ. ಮೊಮ್ಮಗಳ ಕೋಣೆಯಲ್ಲಿ ಮಂಚ ಹಾಕಿಸಿದ್ದೇನೆ.

ಚಹಾ ಆಯಿತೆಂದು ಸೊಸೆ ಮೆಲ್ಲಗೆ ಹೇಳಿದರೆ ಸಾಕು, ಇವರು ಮಹಡಿಯ ಮೇಲಿಂದ ಅಂಗಡಿಯವರೆಗೆ ಕೇಳುವಂತೆ, "ಗಮನಿಸಿ, ಗಮನಿಸಿ! ಅಡುಗೆಮನೆಯಿಂದ ನಡುಮನೆಗೆ ಹೋಗುವ ಚಹಾ ಈಗ ಹೊರಡಲಿದೆ!" ಎಂದು ಕೂಗುತ್ತಾರೆ. ಅಂಗಡಿಯಲ್ಲಿ ಶರ್ಟುಗಳಿಗೆ ಕಾಜಾ ಹಾಕುವವನು ನಕ್ಕು ಒಂದು ತೂತು ತಪ್ಪಿಸಿದ. ಅದನ್ನು ಬಿಚ್ಚಿಸಿದೆ.

ಮಾರ್ಚ್ 8, ಶುಕ್ರವಾರ

ಬೀಗಿತ್ತಿ ಗೂಡಿನ ಮುಂದೆ ಕೂತು ಕಾಜಾಗೆ ಹಳೆಯ ಬಸ್ಸುಗಳ ವೇಳಾಪಟ್ಟಿ ಹೇಳಿದರು. ಅದು ಅವರ ಕೈಯಿಂದ ಒಂದು ಚೂರು ಕ್ಯಾಪ್ಸಿಕಂ ತಿಂದಿತು. ಮೂರು ಹೊತ್ತೂ ಸಿರಿಂಜು ಹಿಡಿದು ಮೈಮೇಲೆಲ್ಲ ಉಗುಳಿಸಿಕೊಂಡವಳು ನಾನು. ನನ್ನ ಔಷಧದ ಗುಣ ತಡವಾಗಿ ಕಾಣಿಸಿಕೊಂಡಿದೆ, ಅಷ್ಟೆ.

ಮಾರ್ಚ್ 9, ಶನಿವಾರ

ಜೊತೆ ಆರಿಸಲು ಹೋದೆವು. ಜನ ಸಾಕಲಾರದೆ ಬಿಟ್ಟುಹೋದ ಗಿನಿಪಿಗ್‌ಗಳನ್ನು ಡಾಕ್ಟರಮ್ಮ ಆಸ್ಪತ್ರೆಯ ಹಿಂದೆ ಇಟ್ಟುಕೊಂಡಿದ್ದಾಳೆ. ಅಂಗಡಿಗೆ ಟೈಲರ್ ಆರಿಸುವ ಹಾಗೆಯೇ ಆರಿಸುವೆನೆಂದು ಮನೆಯಲ್ಲೇ ಹೇಳಿ ಹೊರಟಿದ್ದೆ. ಮೊದಲು ಕೂರುವ ರೀತಿ ನೋಡಬೇಕು, ಆಮೇಲೆ ಕೈಕಾಲು, ಆಮೇಲೆ ಒಂದು ದಿನದ ಕೆಲಸ.

ಹೋಗಿ ಕೂತರೆ ಪ್ರಶ್ನೆ ಕೇಳಿದವಳು ಅವಳು! ಮನೆಯಲ್ಲಿ ಎಷ್ಟು ಜನ, ಗದ್ದಲ ಎಷ್ಟು, ನಾಯಿ ಬೆಕ್ಕು ಉಂಟೇ, ಬೇಸಿಗೆಯಲ್ಲಿ ತಂಪು ಹೇಗೆ. ಬೆವರು ಒರೆಸಿಕೊಂಡು ಉತ್ತರ ಕೊಟ್ಟೆ. ಕೊನೆಗೆ, "ಅಮ್ಮ, ನಿಮಗೆ ಸಿಟ್ಟು ಜಾಸ್ತಿನಾ?" ಎಂದಳು.

"ಇಲ್ಲ!" ಎಂದೆ.

ಪಕ್ಕದ ಗೂಡಿನಲ್ಲಿದ್ದ ಮೊಲ ಒಳಗೆ ಓಡಿತು. ಮೊಮ್ಮಗಳು ಚಾವಣಿ ನೋಡಿದಳು. ಬೀಗಿತ್ತಿ ಮಾತ್ರ, "ಸಿಟ್ಟಲ್ಲಮ್ಮ, ಅವರ ದನೀನೇ ಹಾಗೆ ಇಸ್ತ್ರಿ ಹೊಡೆದಂಗೆ. ಒಳಗೆಲ್ಲ ಹತ್ತಿ" ಎಂದರು. ಯಾರು ಕೇಳಿದ್ದರು ಇವರನ್ನು? ಆದರೂ ಡಾಕ್ಟರಮ್ಮ ಆ ಮಾತಿನ ಮೇಲೇ ಒಪ್ಪಿದಳು.

ನಾನು ಬಿಳಿಯದೊಂದನ್ನು ನೋಡಿಟ್ಟಿದ್ದೆ. ಅವಳು ಕೊಟ್ಟದ್ದು ಕಿವಿ ಹರಿದ, ಕಪ್ಪು ಕಂದು ಬಿಳಿ ಎಂದು ಮೈತುಂಬ ಅಡ್ಡಾದಿಡ್ಡಿ ಬಣ್ಣದ ಹೆಣ್ಣನ್ನು. ಸ್ವಭಾವ ಒಳ್ಳೆಯದಂತೆ. ಮೊಮ್ಮಗಳು ತಕ್ಷಣ, "ತೇಪೆ!" ಎಂದು ಹೆಸರಿಟ್ಟಳು.

"ನಮ್ಮ ಅಂಗಡೀಲಿ ತೇಪೆ ಕೆಲಸ ತಗೊಳ್ಳಲ್ಲ" ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಂದ ಕೂಡಲೇ ಒಟ್ಟಿಗೆ ಬಿಡಬಾರದಂತೆ. ಎರಡು ಗೂಡು ಅಕ್ಕಪಕ್ಕ ಇಡಬೇಕು. ದಿನಾ ಇದರ ಹಾಸುಬಟ್ಟೆ ಅದಕ್ಕೆ, ಅದರದು ಇದಕ್ಕೆ ಬದಲಿಸಬೇಕು. ಒಂದು ವಾರವಾದ ಮೇಲೆ, ಎರಡಕ್ಕೂ ಸೇರದ ಹೊಸ ಜಾಗದಲ್ಲಿ ಭೇಟಿ ಮಾಡಿಸಬೇಕು. ಆಮೇಲೆ ಕೊಡುವ ಗೂಡಿಗೆ ಎರಡು ಬಾಗಿಲು ಇರಲೇಬೇಕು. "ಒಂದೇ ಬಾಗಿಲಿದ್ರೆ ಒಳಗಿರೋದಕ್ಕೆ ಸಿಕ್ಕಿಬಿದ್ದಂಗೆ ಅನ್ಸುತ್ತೆ, ಕಚ್ಚಾಡುತ್ತೆ. ಯಾವಾಗ ಬೇಕಾದ್ರೂ ಎದ್ದು ಹೋಗಬಹುದು ಅಂತಿದ್ರೆ, ಅಲ್ಲೇ ಇರುತ್ತೆ" ಎಂದಳು.

ಹಾಸುಬಟ್ಟೆಯ ಕೆಲಸ ನನ್ನದೆಂದು ಹೇಳಿದೆ. ಬಟ್ಟೆಯ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಮಾರ್ಚ್ 12, ಮಂಗಳವಾರ

ಬಟ್ಟೆ ಬದಲಿಸುವುದು ಗಡಿಯಾರದಂತೆ ನಡೆದಿದೆ. ಬೆಳಿಗ್ಗೆ ಎರಡೂ ಗೂಡಿನಿಂದ ತೆಗೆದು ಇಸ್ತ್ರಿಯವನ ಕೈಗೆ ಕೊಡುತ್ತೇನೆ, ಅವನು ಅದಲುಬದಲು ಮಾಡಿ ಹಾಸುತ್ತಾನೆ. ಕಾಜಾ ಈಗ ಬೀಗಿತ್ತಿಯ ದನಿ ಕೇಳಿದರೆ ಕಂಬಿ ಹಿಡಿದು ನಿಲ್ಲುತ್ತದೆ. ತಿನ್ನುತ್ತಿದೆ. ಸಿರಿಂಜು ಒಳಗಿಟ್ಟೆ.

ಇಂದು ಇನ್ನೊಂದು ಒಳ್ಳೆಯ ಕೆಲಸ ಮಾಡಿದೆ. ಬೀಗಿತ್ತಿಯ ಮಂಚದ ಕೆಳಗಿನ ಚೀಲದಲ್ಲಿ ಒಂದು ಶಾಲು ಇರುವುದು ಕಣ್ಣಿಗೆ ಬಿತ್ತು. ಉಣ್ಣೆ ಒಳ್ಳೆಯದೇ. ಆದರೆ ಮುದುಡಿ, ಎಣ್ಣೆ ಹಿಡಿದು, ನೋವಿನ ಮುಲಾಮು ವಾಸನೆ ಹೊಡೆಯುತ್ತಿತ್ತು. ನನ್ನ ಮನೆಯಲ್ಲಿ ಇರುವಷ್ಟು ದಿನ ಬೀಗಿತ್ತಿ ಇಂಥದ್ದು ಹೊದೆಯಬೇಕೇ? ಅವರು ವಾಕಿಂಗ್ ಹೋಗಿದ್ದಾಗ ಒಗೆಸಿದೆ, ಹರಿದಲ್ಲಿ ನಾನೇ ಕೂತು ರಫೂ ಮಾಡಿದೆ. ಎಲ್ಲಿ ಹರಿದಿತ್ತೆಂದು ಈಗ ನನಗೇ ತಿಳಿಯುವುದಿಲ್ಲ. ಚೀಲ ತೀರ ಹಳತು, ಚಿಂದಿ ಮೂಟೆಗೆ ಹಾಕಿಸಿದೆ. ಅದರ ಬದಲು ಹೊಸ ಚೀಲ ಹೊಲಿದು, ಒಳಗೆ ಒಂದು ಜೇಬೂ ಇಟ್ಟು, ಮಂಚದ ಮೇಲೆ ಇರಿಸಿದೆ.

ಬೀಗಿತ್ತಿ ಶಾಲನ್ನು ಬಿಡಿಸಿ ನೋಡಿ, ಮತ್ತೆ ಮಡಿಸಿಟ್ಟರು. "ತುಂಬಾ ಚೆನ್ನಾಗಿ ಮಾಡಿದ್ದೀರ" ಎಂದರು. ಇಷ್ಟು ಮೆಲ್ಲಗೆ ಮಾತಾಡಲು ಅವರಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ 13, ಬುಧವಾರ

ಇಡೀ ದಿನ ಒಂದೂ ಘೋಷಣೆ ಇಲ್ಲ. ಮನೆ ಬಹಳ ಹಿತವಾಗಿದೆ.

ಮಾರ್ಚ್ 14, ಗುರುವಾರ

ಒಂದು ವಾರವಾಯಿತು. ಹೊರಡುವ ಮಾತು ಬೀಗಿತ್ತಿಯೇ ಎತ್ತಿದರು. ಭೇಟಿ ಮುಗಿಯುವ ತನಕ ಇರಲಿ, ಗಿನಿಪಿಗ್‌ಗೆ ಮುಖ ಬದಲಾದರೆ ಒಗ್ಗುವುದಿಲ್ಲ ಎಂದು ನಾನು ಸೊಸೆಗೆ ಹೇಳಿದೆ.

ಚಹಾ ಎಷ್ಟು ಹೊತ್ತಿಗೆ ಆಯಿತೋ ತಿಳಿಯಲೇ ಇಲ್ಲ. ತಣ್ಣಗಾದದ್ದನ್ನು ಕುಡಿದೆ.

ಕಾಜಾ ಕ್ಯಾಪ್ಸಿಕಂ ಬಿಟ್ಟಿದೆ.

ಮಾರ್ಚ್ 15, ಶುಕ್ರವಾರ

ಕಾಜಾ ಹುಲ್ಲನ್ನೂ ಬಿಟ್ಟಿದೆ. ಸಿರಿಂಜು ಮತ್ತೆ ಹೊರಗೆ ಬಂತು. ಗೂಡಿನ ಮುಂದೆ ಕೂತು ನಾನೇ, "ಗಮನಿಸಿ" ಎಂದು ನೋಡಿದೆ. ಅದು ಬೆನ್ನು ತಿರುಗಿಸಿತು. ಹಿಂದೆ ಇಸ್ತ್ರಿಯವನು ನಿಂತಿದ್ದನೆಂದು ಆಮೇಲೆ ಗೊತ್ತಾಯಿತು. ಅವನು ಏನೂ ಕೇಳಿಸಿಕೊಂಡಿಲ್ಲ. ಕೇಳಿಸಿಕೊಂಡಿಲ್ಲವೆಂದು ಅವನ ಕೈಯಲ್ಲಿ ಹೇಳಿಸಿದ್ದೇನೆ.

ಮಾರ್ಚ್ 16, ಶನಿವಾರ

ಭೇಟಿ ಕೆಟ್ಟಿತು.

ಎರಡಕ್ಕೂ ಸೇರದ ಜಾಗವೆಂದು ಅಂಗಡಿಯ ಕಟಿಂಗ್ ಟೇಬಲ್ ತೆರವು ಮಾಡಿಸಿದ್ದೆ. ಕತ್ತರಿ, ಚಾಕ್, ಟೇಪು ಎಲ್ಲ ತೆಗೆಸಿ, ಅಂಚಿಗೆ ಬಟ್ಟೆಯ ಥಾನುಗಳನ್ನು ಗೋಡೆಯಂತೆ ಜೋಡಿಸಿ, ನಡುವೆ ನಾಲ್ಕು ಕಡೆ ಹುಲ್ಲು ಹಾಕಿಸಿದೆ. ತೇಪೆ ಮೂಗು ಚಾಚಿ ಹತ್ತಿರ ಬಂದದ್ದೇ ತಡ, ಕಾಜಾ ಹಲ್ಲು ಕಟಕಟಿಸಿ ಮೇಲೆ ಹಾರಿತು. ತೇಪೆ ನರ್ಸ್ ಕೋಟಿನ ಥಾನು ಹತ್ತಿ ಆ ಕಡೆ ಬಿತ್ತು. ನಾನು ಸೆರಗು ಒಡ್ಡಿ ಹಿಡಿದೆ. ತೇಪೆ ನನ್ನ ಕೈಯನ್ನೇ ಕಚ್ಚಿತು. ಉಪಕಾರ ಗೊತ್ತಿಲ್ಲದ್ದು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಟೇಬಲ್ ಮೇಲೆ ಬಿಟ್ಟದ್ದಕ್ಕೆ ಮೊದಲು ಬೈದಳು. ಆಮೇಲೆ, "ಬಟ್ಟೆ ದಿನಾ ಬದಲಾಯಿಸಿದ್ರಾ?" ಎಂದಳು.

"ಒಂದು ದಿನ ತಪ್ಪಿಸಿಲ್ಲ" ಎಂದೆ. ಪಕ್ಕದಲ್ಲಿದ್ದ ಇಸ್ತ್ರಿಯವನು ಎದೆ ಉಬ್ಬಿಸಿ, "ದಿನಾ ಬಿಸಿನೀರಲ್ಲಿ ಒಗೆದು, ಗಂಜಿ ಹಾಕಿ, ಎರಡು ಕಡೆಯಿಂದಲೂ ಇಸ್ತ್ರಿ ಮಾಡೇ ಹಾಸಿದ್ದೀನಿ ಅನ್ನಿ ಅಮ್ಮಾ" ಎಂದ.

ಅವನ ಮಾತು ಫೋನಿನಲ್ಲಿ ಆ ಕಡೆಗೂ ಕೇಳಿಸಿತು. ಆಮೇಲೆ ನಗು. ನಕ್ಕು ಮುಗಿದ ಮೇಲೆ ಹೇಳಿದಳು: "ಅಮ್ಮ, ಬಟ್ಟೆ ಕೊಡೋದು ವಾಸನೆಗೆ. ಅವಕ್ಕೆ ವಾಸನೆ ಅಂದ್ರೇನೇ ಪರಿಚಯ, ಅದೇ ನೆಂಟಸ್ತನ. ಒಗೆದುಬಿಟ್ರೆ ಆ ಬಟ್ಟೇಲಿ ಯಾರೂ ಉಳಿಯಲ್ಲ."

ಇಸ್ತ್ರಿಯವನನ್ನು ಬೈಯಲು ಬಾಯಿ ತೆರೆದೆ. ಅವನು, "ಈ ಮನೇಲಿ ಒಗೀದೇ ಇರೋದನ್ನ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೆಂಗಮ್ಮ ಕೊಡೋದು? ನೀವೇ ತಾನೇ ಹೇಳಿಕೊಟ್ಟಿದ್ದು?" ಎಂದ. ಥಾನುಗಳನ್ನು ಮತ್ತೆ ಕಪಾಟಿಗೆ ಜೋಡಿಸಿದೆ.

ಊಟ ಸೇರಲಿಲ್ಲ. ಬಿಸಿಲು ಜಾಸ್ತಿ.

ಮಾರ್ಚ್ 17, ಭಾನುವಾರ

ಬೆಳಿಗ್ಗೆ ಸೊಸೆ ತರಕಾರಿ ಹೆಚ್ಚುತ್ತಿದ್ದಾಗ ಸುಮ್ಮನೆ ಕೇಳಿದಂತೆ ಕೇಳಿದೆ. "ನಿಮ್ಮಮ್ಮ ಆ ಶಾಲು ಯಾಕೆ ಹೊದ್ದುಕೊಳ್ಳಲ್ಲ?"

ಅವಳು ತಲೆ ಎತ್ತಲಿಲ್ಲ. "ಹೊದ್ದುಕೊಳ್ಳೋಕೆ ತಂದಿದ್ದಲ್ಲ ಅತ್ತೆ. ಅದು ದೊಡ್ಡಮ್ಮಂದು. ಮಲಗೋ ಮುಂಚೆ ಚೀಲದ ಬಾಯಿ ಬಿಚ್ಚಿ, ಅದರಲ್ಲಿ ಮುಖ ಇಟ್ಕೊಂಡು, ಮತ್ತೆ ಕಟ್ಟಿ ಇಡ್ತಿದ್ರು. ಅಕ್ಕನ ವಾಸನೆ ಹೋಗಬಾರ್ದು ಅಂತ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಅಮ್ಮನೇ ಬೇಡ ಅಂದ್ರು. ಪಾಪ, ಅಷ್ಟು ಹೊತ್ತು ಕೂತು ರಫೂ ಮಾಡಿದ್ದಾರೆ, ಅವರಿಗೆ ಬೇಜಾರಾಗುತ್ತೆ ಅಂದ್ರು."

ಬದನೆಕಾಯಿ ದಪ್ಪಗೆ ಹೆಚ್ಚುತ್ತಿದ್ದೀಯ ಎಂದು ಹೇಳಿ ಕೆಳಗೆ ಅಂಗಡಿಗೆ ಹೋದೆ.

ಚಿಂದಿಯವನು ಸೋಮವಾರ ಬರುತ್ತಾನೆ. ಮೂಟೆ ನನ್ನ ಎದೆಯ ಎತ್ತರ. ಸ್ಟೂಲ್ ಹಾಕಿಕೊಂಡು ಬಗ್ಗಿದೆ. ಸೊಂಟದವರೆಗೆ ಒಳಗೆ ಹೋದ ಮೇಲೆ ಸ್ಟೂಲ್ ಜಾರಿತು. ಭಾನುವಾರವಾದರೂ ಇಸ್ತ್ರಿಯವನು ಬಂದಿದ್ದದ್ದು ಒಳ್ಳೆಯದಾಯಿತು, ಬಂದಿರದಿದ್ದರೆ ಇನ್ನೂ ಒಳ್ಳೆಯದಿತ್ತು. ನನ್ನ ಕಾಲು ಹಿಡಿದು, "ಅಮ್ಮಾ, ಏನು ಹುಡುಕ್ತಾ ಇದ್ದೀರಿ?" ಎಂದ.

"ಗುಂಡಿ" ಎಂದೆ ಒಳಗಿನಿಂದ.

"ಅದನ್ನ ಹಿತ್ತಲಲ್ಲಿ ಮಣ್ಣು ಮಾಡಿದ್ವಲ್ಲಮ್ಮ" ಎಂದ.

ಚೀಲ ತಳದಲ್ಲಿತ್ತು. ನಾನು ಹೊರಗೆ ಬಂದದ್ದೇ ಅವನು ಅಭ್ಯಾಸಬಲದಿಂದ ಅದಕ್ಕೆ ಕೈ ಚಾಚಿದ. "ಮುಟ್ಟಿದ್ರೆ ಕೈ ಮುರೀತೀನಿ" ಎಂದೆ.

ಚೀಲದ ಹೊಲಿಗೆ ಗಟ್ಟಿಯಾಗಿತ್ತು, ಎಸೆಯುವುದು ದಂಡ. ಆದ್ದರಿಂದ ತೆಗೆದುಕೊಂಡು ಹೋಗಿ ಬೀಗಿತ್ತಿಯ ಕೈಗೆ ಕೊಟ್ಟೆ.

"ಇದು ಒಗೆದಿಲ್ಲ" ಎಂದೆ. ಬೇರೆ ಏನು ಹೇಳಬೇಕೆಂದು ಹೊಳೆಯಲಿಲ್ಲ.

ಅವರು ಚೀಲದ ಬಾಯಿ ಬಿಚ್ಚಿ ಮುಖ ಇಟ್ಟರು. ನಾನು ಕಿಟಕಿ ನೋಡಿದೆ. ಸರಳಿನ ಮೇಲೆ ಧೂಳಿತ್ತು, ಬೆರಳಿನಿಂದ ಒರೆಸಿದೆ.

"ಇದೆ" ಎಂದರು ಚೀಲದ ಒಳಗಿನಿಂದಲೇ. "ಸ್ವಲ್ಪ ಇದೆ."

"ಚಿಂದಿ ಮೂಟೇಲಿತ್ತು. ಕಂಡವರ ಬಟ್ಟೆ ವಾಸನೆಯೂ ಸೇರಿರುತ್ತೆ" ಎಂದೆ. ಇದ್ದದ್ದು ಹೇಳಬೇಕಲ್ಲ.

"ಇರ್ಲಿ ಬಿಡಿ. ನಮ್ಮಕ್ಕ ಜನ ಸೇರ್ತಿದ್ದೋಳೇ" ಎಂದು ತಲೆ ಎತ್ತಿದರು. ಮೂಗಿನ ತುದಿಯಲ್ಲಿ ನೀಲಿ ದಾರದ ಎಳೆ ಅಂಟಿತ್ತು. ನಾನು ತೆಗೆದೆ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೀಗಿತ್ತಿಯವರೇ, ನಿಮ್ಮ ತಲೇಲಿ ಅರ್ಧ ಯೂನಿಫಾರ್ಮ್ ಇದೆ" ಎಂದರು.

ನಗುವ ವಿಷಯವೇನೂ ಅಲ್ಲ. ಆದರೂ ನಕ್ಕೆ. ಸೊಸೆ ಸೌಟು ಹಿಡಿದುಕೊಂಡೇ ಓಡಿಬಂದಳು, ಯಾರಿಗೆ ಏನಾಯಿತೋ ಎಂದು.

ಮಾರ್ಚ್ 18, ಸೋಮವಾರ

"ಗಮನಿಸಿ, ಗಮನಿಸಿ! ಚಹಾ ಐದು ನಿಮಿಷ ತಡವಾಗಿ ಬರಲಿದೆ. ಪ್ರಯಾಣಿಕರಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ."

ಕಾಜಾ ಕಂಬಿ ಹಿಡಿದು ಕೂಗಿತು. ತಲೆನೋವು ಬರಲಿಲ್ಲ. ಕನ್ನಡಕದ ನಂಬರು ಬದಲಿಸಿದ್ದು ಒಳ್ಳೆಯದಾಯಿತು.

ಹಾಸುಬಟ್ಟೆಗಳನ್ನು ಇನ್ನು ಮುಂದೆ ನಾನೇ ಬದಲಿಸುತ್ತೇನೆ, ಒಗೆಯದೆ, ಗಬ್ಬು ನಾರುತ್ತಿರುವ ಹಾಗೆಯೇ. ಇಸ್ತ್ರಿಯವನು ದೂರದಲ್ಲಿ ನಿಂತು, ಯಾರೋ ಸತ್ತ ಹಾಗೆ ನೋಡುತ್ತಾನೆ.

ಮಾರ್ಚ್ 24, ಭಾನುವಾರ

ಎರಡನೆಯ ಭೇಟಿ. ಈ ಸಲ ನೆಲದ ಮೇಲೇ ಆಗಬೇಕು, ಎರಡರ ವಾಸನೆಯೂ ಇಲ್ಲದ ಜಾಗ ಬೇಕು ಎಂದು ಡಾಕ್ಟರಮ್ಮನ ಅಪ್ಪಣೆ. ಕಾಜಾ ಓಡಾಡದ ಜಾಗ ಈ ಮನೆಯಲ್ಲಿ ಒಂದೇ, ಕೆಳಗೆ ಅಂಗಡಿಯ ಹಿಂದಿರುವ ನನ್ನ ಕೋಣೆ. ಯಜಮಾನರು ಹೋದ ಮೇಲೆ ಅಲ್ಲಿಗೆ ಕಸ ಗುಡಿಸಲೂ ಯಾರನ್ನೂ ಬಿಟ್ಟಿಲ್ಲ. ಬಿಡುವ ಅಗತ್ಯ ಬಂದಿರಲಿಲ್ಲ.

ಮಂಚವನ್ನು ಗೋಡೆಗೆ ತಳ್ಳಿಸಿದೆ. ಮೊಮ್ಮಗಳು ಹುಲ್ಲಿನ ಗುಪ್ಪೆ ಹಾಕಿದಳು. ನಾನು ಒಂದು ಮೂಲೆಯಲ್ಲಿ, ಬೀಗಿತ್ತಿ ಇನ್ನೊಂದು ಮೂಲೆಯಲ್ಲಿ ನೆಲಕ್ಕೆ ಕೂತೆವು. ಎರಡನ್ನೂ ಬಿಟ್ಟೆವು.

ಕಾಜಾ ಗುರ್ ಎಂದಿತು. ನನ್ನ ಎದೆಯೂ ಗುರ್ ಎಂದಿತು. ತೇಪೆ ತಲೆ ತಗ್ಗಿಸಿ ನಿಂತಿತು. ಕಾಜಾ ಅದರ ಹರಿದ ಕಿವಿ ಮೂಸಿತು, ಬೆನ್ನು ಮೂಸಿತು, ಒಂದು ಸಲ ಅಟ್ಟಿಸಿಕೊಂಡೂ ಹೋಯಿತು. ನಾನು ಎದ್ದು ಬಿಡಿಸಲು ಹೋದೆ.

"ಕೂತ್ಕೊಳ್ಳಿ" ಎಂದರು ಬೀಗಿತ್ತಿ. ನನಗೆ ಕೂತುಕೋ ಎಂದು ಹೇಳುವವರು ಈ ಮನೆಯಲ್ಲಿ ಯಾರೂ ಇಲ್ಲ. ಕೂತೆ.

"ಗಮನಿಸಿ" ಎಂದು ಅವರು ಮೆತ್ತಗೆ ಶುರುಮಾಡಿದರು. "ಕಾಜಾ ಅವರು ಎರಡನೇ ಅಂಕಣದಿಂದ ಮೂರನೇ ಅಂಕಣಕ್ಕೆ ಹೊರಟಿದ್ದಾರೆ. ತೇಪೆ ಅವರು ದಯವಿಟ್ಟು ದಾರಿ ಬಿಡಬೇಕು. ಬಿಟ್ಟರು. ಒಳ್ಳೆಯವರು."

ಸಂಜೆಯ ಹೊತ್ತಿಗೆ ತೇಪೆ ಕಾಜಾದ ಬಾಯಿಂದಲೇ ಕ್ಯಾಪ್ಸಿಕಂ ಕಿತ್ತುಕೊಂಡಿತು. ಕಾಜಾ ಜಗಳವಾಡದೆ ಇನ್ನೊಂದು ಚೂರು ತೆಗೆದುಕೊಂಡು ಅದರ ಪಕ್ಕದಲ್ಲೇ ಕೂತು ತಿಂದಿತು. ಆಮೇಲೆ ಎರಡೂ ನನ್ನ ಮಂಚದ ಕೆಳಗೆ ಹೋಗಿ, ಒಂದರ ಬೆನ್ನಿಗೆ ಒಂದು ಒರಗಿ ಮಲಗಿದವು. ಮೊಮ್ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದಳು. ಕೂದಲು ಬಾಚಿಕೊಂಡಿಲ್ಲ ನೀನು ಎಂದೆ.

ಅವುಗಳನ್ನು ಎಬ್ಬಿಸುವುದು ಬೇಡವೆಂದು ನಾವಿಬ್ಬರೂ ಅಲ್ಲೇ ಕೂತಿದ್ದೆವು. ಬೀಗಿತ್ತಿ ತಮ್ಮ ಅಕ್ಕನ ವಿಷಯ ಹೇಳಿದರು. ನಾನು ಯಜಮಾನರು ಹೊಲಿದ ಮೊದಲ ಕೋಟಿನ ವಿಷಯ ಹೇಳಿದೆ. ಅದರ ಒಂದು ತೋಳು ಉದ್ದವಾಗಿತ್ತು. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಅಂಗಡಿಯ ಹೆಸರಿನ ಪ್ರಶ್ನೆ.

ಮಾರ್ಚ್ 31, ಭಾನುವಾರ

ಬಡಗಿ ಹೊಸ ಗೂಡು ತಂದ. ಎರಡು ಬಾಗಿಲು, ಕೆಲಸ ಪರವಾಗಿಲ್ಲ. ಕಾಜಾ ಒಂದರಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬಂದು, ಮತ್ತೆ ಒಳಗೆ ಹೋಗಿ ತೇಪೆಯ ಪಕ್ಕ ಮಲಗಿತು.

ಬಂದವನನ್ನು ಸುಮ್ಮನೆ ಕಳುಹಿಸುವುದೇಕೆಂದು ನನ್ನ ಕೋಣೆಯ ಅಳತೆ ತೆಗೆಸಿದೆ. ಹಿತ್ತಲ ಕಡೆಯ ಗೋಡೆಗೆ ಇನ್ನೊಂದು ಬಾಗಿಲು ಇಡಬೇಕು.

"ಒಂದು ಕೋಣೆಗೆ ಎರಡು ಬಾಗಿಲು ಯಾಕಮ್ಮಾ?" ಎಂದ.

"ಗಾಳಿಗೆ."

"ಕಿಟಕಿ ಇದೆಯಲ್ಲಾ?"

"ನಿನಗೆ ಕೆಲಸ ಬೇಕೋ ಬೇಡವೋ?" ಎಂದೆ. ಬಾಗಿಲ ಹಿಂದೆ ಸೊಸೆಯೂ ಮೊಮ್ಮಗಳೂ ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡು ನಿಂತಿದ್ದರು. ಕೆಲಸವಿಲ್ಲದವರು.

ಮೊಮ್ಮಗಳಿಗೆ ಓದಲು ಜಾಗ ಬೇಕು. ಆದ್ದರಿಂದ ಅವಳ ಕೋಣೆಯಲ್ಲಿದ್ದ ಹೆಚ್ಚಿನ ಮಂಚವನ್ನು ನನ್ನ ಕೋಣೆಗೆ ಹಾಕಿಸಿದ್ದಾಯಿತು. ಹಳೆಯ ಚೀಲ ಈಗ ಅದರ ತಲೆದೆಸೆಯ ಮೊಳೆಗೆ ನೇತಾಡುತ್ತಿದೆ. ಇಸ್ತ್ರಿಯವನಿಗೆ ಆ ಕೋಣೆಗೆ ಪ್ರವೇಶವಿಲ್ಲ.

ಬೀಗಿತ್ತಿ ಸಂಜೆ ಮತ್ತೆ ಹೊರಡುವ ಮಾತೆತ್ತಿದರು. ಒಂದು ವಾರಕ್ಕೆಂದು ಬಂದವರು, ಅವರಿಗೂ ಸಂಕೋಚ ಇರುತ್ತದೆ. ಮನೆಯಲ್ಲಿ ಮರದ ಕೆಲಸ ನಡೆಯುವಾಗ ನೆಂಟರನ್ನು ಕಳುಹಿಸುವುದು ಸರಿಯಲ್ಲ, ಹೊಸ ಬಾಗಿಲಿನ ಬಣ್ಣ ಒಣಗಿದ ಮೇಲೆ ನೋಡೋಣ ಎಂದೆ.

ಬಣ್ಣ ಯಾವಾಗ ಹಚ್ಚಬೇಕೆಂದು ಬಡಗಿ ಕೇಳಿದ್ದಾನೆ. ನಾನು ಇನ್ನೂ ಹೇಳಿಲ್ಲ.